ವಜ್ರದ ಬ್ಯಾಟು, ತಾತನ ಲೆಕ್ಕ

ಮಕ್ಕಳೇ, ಈ ಪುಟವನ್ನು ಅವರಿಗೆ ಓದಿ ಹೇಳುವ ಅಜ್ಜ-ಅಜ್ಜಿಯರೇ,

ಬ್ಯಾಂಕಿನ ಕೌಂಟರಿನಲ್ಲಿ 37 ವರ್ಷ ಕೂತವನು ನಾನು. ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಬೇಡಿ ಎಂದು ಎಷ್ಟು ಜನರಿಗೆ ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥವನೇ ಕಳೆದ ವರ್ಷ ಅದೇ ತಪ್ಪು ಮಾಡಿದೆ. ಮೊಮ್ಮಗಳಿಗೆ 18 ತುಂಬುವ ಸಂತೋಷದಲ್ಲಿ, "ಏನು ಬೇಕೋ ಕೇಳು ಪುಟ್ಟಿ, ತಾತ ಕೊಡಿಸ್ತಾನೆ" ಎಂದು ಫೋನಿನಲ್ಲಿ ಹೇಳಿಬಿಟ್ಟೆ.

ಮಗಳ ಸಂಸಾರ ಇರುವುದು ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ. ಮೂರು ತಿಂಗಳು ಇದ್ದು ಬರೋಣವೆಂದು ನಾನೂ ನನ್ನಾಕೆಯೂ ಹೋದೆವು. ಚಕ್ಕುಲಿ, ಕೋಡುಬಳೆ, ಹುಳಿಪುಡಿ ತುಂಬಿದ ಪೆಟ್ಟಿಗೆ ಬಿಚ್ಚುವ ಮೊದಲೇ ಪುಟ್ಟಿ ಮೊಬೈಲ್ ತಂದು ಒಂದು ಚಿತ್ರ ತೋರಿಸಿದಳು. ಕಪ್ಪು ಬಣ್ಣದ ಬ್ಯಾಟು. ಅದಕ್ಕೆ ನರ ಕಟ್ಟಿರಲಿಲ್ಲ. ಗಟ್ಟಿ ಮುಖ, ಅದರ ತುಂಬ ತೂತು. ನನ್ನಾಕೆ ಕನ್ನಡಕ ಏರಿಸಿಕೊಂಡು ನೋಡಿ, "ಬೂಂದಿ ಕರಿಯೋ ಸೌಟಿನ ಹಾಗಿದೆಯಲ್ಲೇ!" ಎಂದಳು. ಸೌಟಿನ ಬೆಲೆ 320 ಯೂರೋ. ನಮ್ಮ ದುಡ್ಡಿನಲ್ಲಿ ಸುಮಾರು 30 ಸಾವಿರ ರೂಪಾಯಿ. ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಆದರೆ ಕೊಟ್ಟ ಮಾತು ಕೊಟ್ಟದ್ದೇ.

ಅದು ಪಾಡೆಲ್ ಎಂಬ ಆಟದ ಬ್ಯಾಟು. 1969ರಲ್ಲಿ ಮೆಕ್ಸಿಕೋ ದೇಶದ ಅಕಾಪುಲ್ಕೋ ಎಂಬ ಊರಿನಲ್ಲಿ ಎನ್ರಿಕೆ ಕೋರ್ಕುಯೆರಾ ಎಂಬವರು ತಮ್ಮ ಮನೆಯಲ್ಲೇ ಗೋಡೆಗಳ ನಡುವೆ ಚಿಕ್ಕ ಅಂಕಣ ಮಾಡಿಕೊಂಡು ಆಡಿದ ಆಟ ಇದು. ಅದನ್ನು ಕಂಡು ಮೆಚ್ಚಿದ ಅವರ ಗೆಳೆಯ ಅಲ್ಫೊನ್ಸೊ ಹೊಹೆನ್‌ಲೊಹೆ 1974ರಲ್ಲಿ ಸ್ಪೇನಿನ ಮಾರ್ಬೆಯಾ ಊರಿಗೆ ತಂದರು. ಈಗ ಆ ದೇಶದಲ್ಲಿ ನಮ್ಮ ಗಲ್ಲಿ ಕ್ರಿಕೆಟ್ಟಿನಷ್ಟೇ ಅದು ಮನೆಮಾತು. ಬೆಂಗಳೂರಿನಲ್ಲೂ ಪಾಡೆಲ್ ಅಂಕಣಗಳು ಬಂದಿವೆ. ನಿಮ್ಮಲ್ಲಿ ಕೆಲವರು ನೋಡಿರಬಹುದು.

ಅಂಕಣ 20 ಮೀಟರ್ ಉದ್ದ, 10 ಮೀಟರ್ ಅಗಲ. ನಡುವೆ ನೆಟ್. ಒಂದೊಂದು ಕಡೆ ಇಬ್ಬರು. ಹಿಂದೆ ಗಾಜಿನ ಗೋಡೆ, ಪಕ್ಕದಲ್ಲಿ ಸ್ವಲ್ಪ ಗಾಜು, ಸ್ವಲ್ಪ ತಂತಿ ಬಲೆ. ಚೆಂಡು ನಮ್ಮ ಕಡೆ ಒಂದು ಪುಟ ಬಿದ್ದು ಹಿಂದಿನ ಗಾಜಿಗೆ ಬಡಿದು ಬಂದರೂ ಆಟ ಮುಗಿಯುವುದಿಲ್ಲ, ಅದನ್ನು ಹೊಡೆಯಬಹುದು. ಸರ್ವ್ ಮಾಡುವಾಗ ಟೆನಿಸ್‌ನಂತೆ ತಲೆಯ ಮೇಲಿಂದ ಬಡಿಯುವ ಹಾಗಿಲ್ಲ. ಚೆಂಡನ್ನು ನೆಲಕ್ಕೆ ಪುಟಿಸಿ, ಸೊಂಟಕ್ಕಿಂತ ಮೇಲೆ ಹೋಗದಂತೆ ಹೊಡೆಯಬೇಕು. ಅಂಕದ ಲೆಕ್ಕ ಮಾತ್ರ ಟೆನಿಸ್‌ನದೇ. ಬ್ಯಾಟಿಗೆ ಅಲ್ಲಿನವರು 'ಪಾಲಾ' ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಸಲಿಕೆಗೂ ಅದೇ ಹೆಸರು!

ಪುಟ್ಟಿ ಹತ್ತನೇ ವಯಸ್ಸಿನಿಂದ ಆಡುತ್ತಿದ್ದಾಳೆ. ಕ್ಲಬ್ಬಿನ ಮೇಲಿನ ದರ್ಜೆಯ ತಂಡದಲ್ಲಿದ್ದಾಳೆ. ಕೋಣೆಯ ಗೋಡೆಯಲ್ಲಿ ಸ್ಪೇನಿನ ಆಟಗಾರ್ತಿ ಜೆಮ್ಮಾ ತ್ರಿಯಾಯ್ ಅವರ ಚಿತ್ರ ಅಂಟಿಸಿಕೊಂಡಿದ್ದಾಳೆ. ಅಂಕಣದ ಎಡಭಾಗ ಅವಳದು. ಬಲಗೈ ಆಟಗಾರರ ಜೋಡಿಯಲ್ಲಿ ಎಡಗಡೆ ನಿಂತವರಿಗೆ ನಡುವಿನಿಂದ ಬರುವ ಎತ್ತರದ ಚೆಂಡು ಹೆಚ್ಚಾಗಿ ಸಿಗುತ್ತದೆ. ಅದನ್ನು ಬಡಿಯುವ ಹೊಣೆ ಅವರದು. ಬಡಿದರೆ ಹೇಗೆ ಬಡಿಯಬೇಕು? ಚೆಂಡು ಎದುರಾಳಿಯ ಅಂಕಣದಲ್ಲಿ ಪುಟಿದು, 3 ಮೀಟರ್ ಎತ್ತರದ ಪಕ್ಕದ ಗೋಡೆಯನ್ನೇ ದಾಟಿ ಆಚೆ ಹೋಗಬೇಕು. ಇಲ್ಲವೇ ಹಿಂದಿನ ಗಾಜಿಗೆ ಬಡಿದು, ನೆಟ್ ದಾಟಿ ನಮ್ಮ ಕಡೆಗೇ ವಾಪಸು ಬರಬೇಕು. ಅರ್ಧ ಬಲದಲ್ಲಿ ಬಡಿದರೋ, ಚೆಂಡು ಗಾಜಿಗೆ ತಗಲಿ ಎದುರಾಳಿಯ ಮುಂದೆ ಬಡಿಸಿದ ಊಟದ ಹಾಗೆ ಕೂರುತ್ತದೆ. ಆದ್ದರಿಂದ ಬಲದ ಬ್ಯಾಟು ಬೇಕೆಂಬುದು ಅವಳ ಶೋಕಿಯಾಗಿರಲಿಲ್ಲ. ಒಂದೂವರೆ ತಿಂಗಳಲ್ಲಿ ಪಂದ್ಯಾವಳಿಯೂ ಇತ್ತು.

ಮಾರನೆಯ ವಾರ ಅಂಗಡಿಗೆ ಹೋದೆವು. ಒಂದು ಗೋಡೆಯ ತುಂಬ ಬ್ಯಾಟುಗಳು. ನಿಯಮದ ಪ್ರಕಾರ ಯಾವುದೂ 45.5 ಸೆಂಟಿಮೀಟರಿಗಿಂತ ಉದ್ದ, 26 ಸೆಂಟಿಮೀಟರಿಗಿಂತ ಅಗಲ, 38 ಮಿಲಿಮೀಟರಿಗಿಂತ ದಪ್ಪ ಇರುವ ಹಾಗಿಲ್ಲ. ಅಷ್ಟರೊಳಗೇ ಮೂರು ಬಗೆಯ ಆಕಾರ. ಒಂದು ದೋಸೆ ಕಾವಲಿಯಂತೆ ಗುಂಡಗಿನದು. ಒಂದು ನೀರಹನಿಯಂತಿರುವುದು. ಮೂರನೆಯದು ಮೇಲ್ಭಾಗದಲ್ಲಿ ಅಗಲವಾಗಿ, ಹಿಡಿಯ ಕಡೆಗೆ ಕಿರಿದಾಗುವ ವಜ್ರಾಕಾರ. ಪುಟ್ಟಿ ಕೇಳಿದ್ದು ಈ ವಜ್ರವನ್ನೇ.

ಆಕಾರದಿಂದ ಏನು ವ್ಯತ್ಯಾಸ? ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ ಮಕ್ಕಳೇ. ಒಂದು ಸಣ್ಣ ಸುತ್ತಿಗೆ ತೆಗೆದುಕೊಳ್ಳಿ, ದೊಡ್ಡವರು ಪಕ್ಕದಲ್ಲಿರಲಿ. ಮೊದಲು ಕಬ್ಬಿಣದ ತಲೆಯನ್ನು ಹಿಡಿದು ನಿಧಾನವಾಗಿ ಆಡಿಸಿ. ಆಮೇಲೆ ಮರದ ಹಿಡಿಯ ತುದಿಯನ್ನು ಹಿಡಿದು ಆಡಿಸಿ. ತೂಕ ಒಂದೇ. ಆದರೆ ಎರಡನೆಯ ಸಲ ಅದು ಕೈಯನ್ನು ಎಳೆಯುತ್ತದೆ, ತಿರುಗಿಸುವುದು ಕಷ್ಟ. ಮೊಳೆ ಬಡಿಯುವುದಕ್ಕೆ ಮಾತ್ರ ಆ ಹಿಡಿತವೇ ಬೇಕು. ವಜ್ರಾಕಾರದ ಬ್ಯಾಟಿನಲ್ಲೂ ಇದೇ ಕಥೆ. ತೂಕ ತಲೆಯ ಕಡೆಗಿರುತ್ತದೆ. ಬೀಸಿದಾಗ ಪೆಟ್ಟು ಜೋರು. ಆದರೆ ನೆಟ್ ಹತ್ತಿರ ಚಕಚಕನೆ ತಿರುಗಿಸಲು ಬಲ ಬೇಕು. ಚೆಂಡು ಸರಿಯಾಗಿ ತಗಲುವ ಜಾಗವೂ ಮೇಲಕ್ಕೆ ಹೋಗಿ ಕಿರಿದಾಗಿರುತ್ತದೆ. ಗುಂಡು ಬ್ಯಾಟಿನಲ್ಲಿ ಆ ಜಾಗ ನಡುವೆ, ದೊಡ್ಡದಾಗಿ. ತಪ್ಪಿ ಹೊಡೆದರೂ ಕ್ಷಮಿಸುತ್ತದೆ. ನೀರಹನಿ ಇವೆರಡರ ನಡುವೆ.

ಮನೆಯಿಂದ ಹೊರಡುವಾಗ ಪುಟ್ಟಿಯ ಹಳೆಯ ಹನಿ ಆಕಾರದ ಬ್ಯಾಟನ್ನೂ ಒಂದು ಅಡಿಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಎರಡನ್ನೂ ಬೆರಳ ಮೇಲೆ ತಕ್ಕಡಿಯಂತೆ ನಿಲ್ಲಿಸಿ, ಹಿಡಿಯ ಬುಡದಿಂದ ಸಮತೂಕದ ಜಾಗಕ್ಕೆ ಎಷ್ಟು ದೂರ ಎಂದು ಅಳೆದೆ. ಹಳೆಯದು 25.5 ಸೆಂಟಿಮೀಟರ್, ವಜ್ರ 27. ವ್ಯತ್ಯಾಸ ಒಂದೂವರೆ ಸೆಂಟಿಮೀಟರ್ ಅಷ್ಟೇ. ಆದರೆ ಕೈಯಲ್ಲಿ ಹಿಡಿದಾಗ ಹೊಸದು ಎಷ್ಟೋ ಭಾರ ಎನ್ನಿಸಿತು.

ಇನ್ನು ಒಳಗಿನ ತಿರುಳು ಮತ್ತು ಹೊರಗಿನ ಚರ್ಮ. ತಿರುಳು ಈವಿಎ ಎಂಬ ಸ್ಪಂಜಿನಂಥ ಫೋಮ್. ಅಗ್ಗದ ಚಪ್ಪಲಿಯ ಅಟ್ಟೆಗೂ ಈವಿಎ ಬಳಸುತ್ತಾರೆ. ಮೆತ್ತಗಿನದು, ಮಧ್ಯಮ, ಗಟ್ಟಿ ಎಂಬ ತರಗಳುಂಟು. ಚರ್ಮ ಗಾಜಿನ ನಾರಿನದು ಅಥವಾ ಕಾರ್ಬನ್ ನಾರಿನದು. ಕಾರ್ಬನ್ ಹೆಚ್ಚು ಬಿಗಿ. ವಜ್ರದ ಮೇಲೆ '18ಕೆ' ಎಂದು ಬರೆದಿತ್ತು. ನನ್ನಾಕೆ ಮೆಲ್ಲಗೆ, "ರೀ, 18 ಕ್ಯಾರೆಟ್ ಚಿನ್ನ ಹಾಕಿದಾರೇನ್ರೀ? ಅದಕ್ಕೇ ಈ ಬೆಲೆ" ಎಂದಳು. ಪುಟ್ಟಿಗೆ ನಕ್ಕು ನಕ್ಕು ಸಾಕಾಯಿತು. ಅಲ್ಲಿ 'ಕೆ' ಎಂದರೆ ಸಾವಿರ. ಕಾರ್ಬನ್ನಿನ ಒಂದೊಂದು ಎಳೆಕಟ್ಟಿನಲ್ಲಿ 18 ಸಾವಿರ ಸೂಕ್ಷ್ಮ ಎಳೆಗಳಿವೆ ಎಂದರ್ಥ. 3ಕೆ, 12ಕೆ ಕೂಡ ಇವೆ. ಅಂಕಿ ದೊಡ್ಡದಾದ ಮಾತ್ರಕ್ಕೆ ಬ್ಯಾಟು ಒಳ್ಳೆಯದು ಎಂದಲ್ಲ. ಎಷ್ಟು ಪದರ, ಯಾವ ಅಂಟು, ಒಳಗೆ ಯಾವ ಫೋಮ್ ಎಂಬುದೆಲ್ಲ ಸೇರಿ ಗಟ್ಟಿತನ ಬರುತ್ತದೆ. ಚಿನ್ನದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಂಗಡಿಯ ಹುಡುಗ ಹೇಳಿದ ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಕೂತಿತು. ಮೆತ್ತಗಿನ ಬ್ಯಾಟು ನಿಧಾನದ ಹೊಡೆತಕ್ಕೂ ಚೆಂಡನ್ನು ಚಿಮ್ಮಿಸಿ ಕಳಿಸುತ್ತದೆ. ಜೋರಾಗಿ ಹೊಡೆದರೆ ಫೋಮ್ ಕುಗ್ಗುವುದರಲ್ಲೇ ಬಲ ಸೋರಿಹೋಗುತ್ತದೆ. ಗಟ್ಟಿ ಬ್ಯಾಟು ಅದಕ್ಕೆ ವಿರುದ್ಧ. ನಿಧಾನವಾಗಿ ಹೊಡೆದರೆ ಹಲಗೆಯಂತೆ ಸುಮ್ಮನಿರುತ್ತದೆ. ಜೋರಾಗಿ ಬೀಸಿದರೆ ಮಾತ್ರ ಪೂರ್ತಿ ಬಲ ಚೆಂಡಿಗೆ ಹೋಗುತ್ತದೆ. ಅಂದರೆ ಬಲದ ಬ್ಯಾಟು ಬಲ ಕೊಡುವುದು ಬಲ ಇದ್ದವರಿಗೇ! ನನಗೆ ನಮ್ಮ ಸಾಲ ವಿಭಾಗ ನೆನಪಾಯಿತು. ಅಲ್ಲೂ ಹಾಗೇ. ಜಮೀನು, ಆದಾಯ, ಜಾಮೀನು ಎಲ್ಲ ಇದ್ದವನಿಗೇ ದೊಡ್ಡ ಸಾಲ. ಹಾಗಾದರೆ ಈ ಬ್ಯಾಟು ಕೊಡುವ ಬಲಕ್ಕೆ ನಮ್ಮ ಹುಡುಗಿ ಅಡ ಇಡುವುದು ಏನನ್ನು?

ಉತ್ತರ ನನ್ನಾಕೆಗೆ ಆಗಲೇ ಗೊತ್ತಿತ್ತು. ಅಂದು ರಾತ್ರಿ ಹೇಳಿದಳು. "ನೀವು ನೋಡಿದಿರೋ ಇಲ್ಲವೋ. ಈ ಹುಡುಗಿ ಹಾಲಿನ ಡಬ್ಬ ಬಗ್ಗಿಸುವಾಗ ಎರಡೂ ಕೈ ಹಾಕ್ತಾಳೆ. ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯೋಕೆ ಕೊಟ್ಟರೆ ಅಪ್ಪನ ಕಡೆಗೆ ದಾಟಿಸ್ತಾಳೆ. ಬಲಮೊಣಕೈ ನೋವಿದೆ ಅವಳಿಗೆ. ಯಾರಿಗೂ ಹೇಳ್ತಿಲ್ಲ."

ನನಗೆ ನಿದ್ದೆ ಬರಲಿಲ್ಲ. ಯಾಕೆಂದು ಹೇಳುತ್ತೇನೆ.

1981ರಲ್ಲಿ ನಾನು ನಮ್ಮ ಬ್ಯಾಂಕಿನ ಬಾಲ್ ಬ್ಯಾಡ್ಮಿಂಟನ್ ತಂಡದಲ್ಲಿದ್ದೆ. ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆ ಐದೈದು ಜನ. ನಿಮ್ಮ ಅಜ್ಜಂದಿರನ್ನು ಕೇಳಿ, ಕಣ್ಣರಳಿಸಿ ಹೇಳುತ್ತಾರೆ. ಪಂದ್ಯಾವಳಿ ಹತ್ತಿರ ಬಂದಿತ್ತು. ಹೊಡೆತಕ್ಕೆ ಜೋರು ಸಾಲದೆಂದು ಭಾರದ ಬ್ಯಾಟು ಕೊಂಡು, ನರವನ್ನು ಬಿಗಿಯಾಗಿ ಕಟ್ಟಿಸಿದೆ. ಎರಡು ವಾರಕ್ಕೆ ಮೊಣಕೈಯ ಹೊರಗಡೆ ನೋವು ಶುರುವಾಯಿತು. ತಂಡದಿಂದ ಬಿಟ್ಟುಬಿಟ್ಟಾರೆಂಬ ಭಯಕ್ಕೆ ಯಾರಿಗೂ ಹೇಳಲಿಲ್ಲ. ನೋವಿನ ಎಣ್ಣೆ ಹಚ್ಚಿಕೊಂಡು ಆಡಿದೆ. ಪಂದ್ಯವನ್ನೂ ಸೋತೆವು. ಆಮೇಲೆ ಎಂಟು ತಿಂಗಳು ದೊಡ್ಡ ಲೆಡ್ಜರ್ ಎತ್ತಲಾಗದೆ ಜವಾನನನ್ನು ಕರೆಯಬೇಕಾಯಿತು. ಅದಾದರೂ ಹೋಗಲಿ. ಎರಡು ವರ್ಷದ ಮಗಳು ಸಂಜೆ ಬಾಗಿಲಲ್ಲಿ ಕೈಚಾಚಿ ನಿಂತರೆ ಎತ್ತಿಕೊಳ್ಳಲಾಗುತ್ತಿರಲಿಲ್ಲ. ಸ್ವಲ್ಪ ದಿನ ಕಂಡು ಅವಳು ಕೈಚಾಚುವುದನ್ನೇ ಬಿಟ್ಟಳು. ಆ ಮಗಳೇ ಪುಟ್ಟಿಯ ಅಮ್ಮ.

ಬೆಳಿಗ್ಗೆ ಪುಟ್ಟಿಯನ್ನು ಕೂರಿಸಿಕೊಂಡು ಕೇಳಿದೆ. ಮೊದಲು ಇಲ್ಲವೆಂದಳು. ಒಂದು ಲೀಟರಿನ ನೀರಿನ ಬಾಟಲಿಯನ್ನು ಅಂಗೈ ಕೆಳಮುಖ ಮಾಡಿ, ಕೈ ನೀಡಿ ಎತ್ತು ಎಂದೆ. ಮುಖ ಹಿಂಡಿದಳು. "ಪಂದ್ಯ ಮುಗಿಯೋವರೆಗೆ ಅಮ್ಮಂಗೆ ಹೇಳ್ಬೇಡ ತಾತ. ನನ್ನ ಜೋಡಿ ಹುಡುಗಿ ಇಡೀ ವರ್ಷ ಕಾದಿದಾಳೆ. ಹೊಸ ಬ್ಯಾಟು ಬಂದ್ರೆ ಅಷ್ಟು ಜೋರಾಗಿ ಬೀಸೋದೇ ಬೇಡ, ನೋವು ತಾನಾಗೇ ಕಮ್ಮಿ ಆಗತ್ತೆ" ಎಂದಳು. "ನೀನು ಮಾತು ಕೊಟ್ಟಿದೀಯ" ಎಂದೂ ಸೇರಿಸಿದಳು.

ಅವಳ ಲೆಕ್ಕದಲ್ಲೇ ತಪ್ಪಿತ್ತು. ಗಟ್ಟಿ ಬ್ಯಾಟು ಚೆಂಡಿನ ಅದುರನ್ನು ಕಡಿಮೆ ನುಂಗುತ್ತದೆ. ಉಳಿದದ್ದು ಕೈಗೆ ಬರುತ್ತದೆ. ತಲೆ ಭಾರವಾದರೆ ಮುಂಗೈ ಇನ್ನೂ ಬಿಗಿಯಾಗಿ ಹಿಡಿಯಬೇಕು. ಚಳಿಗಾಲದಲ್ಲಂತೂ ಫೋಮ್ ಇನ್ನಷ್ಟು ಬಿರುಸಾಗುತ್ತದೆ. ಆದರೆ ಇದನ್ನೆಲ್ಲ ಹೇಳಿದರೆ ಹದಿನೆಂಟರ ಹುಡುಗಿ ಕೇಳುತ್ತಾಳೆಯೇ? ನಾನು ಆ ವಯಸ್ಸಿನಲ್ಲಿ ಕೇಳಿದ್ದೆನೇ? "ಅಮ್ಮನಿಗೆ ನೀನೇ ಹೇಳಬೇಕು, ಅದಕ್ಕೆ ಭಾನುವಾರದವರೆಗೆ ಸಮಯ. ಅಷ್ಟರಲ್ಲಿ ನಿನ್ನ ಒಂದು ಆಟ ನೋಡ್ತೀನಿ" ಎಂದೆ.

ಶನಿವಾರ ಅಂಕಣದ ಹೊರಗೆ ನೋಟ್‌ಬುಕ್ ಹಿಡಿದು ಕೂತೆ. ಪುಟ್ಟಿಯ ಒಂದೊಂದು ಹೊಡೆತಕ್ಕೂ ಒಂದು ಗೀಟು. ಎರಡು ಸೆಟ್ ಮುಗಿದಾಗ ಒಟ್ಟು 214. ಪುಟ ಬೀಳುವ ಮೊದಲೇ ನೆಟ್ ಹತ್ತಿರ ಹೊಡೆದ ವಾಲಿ 71. ಹಿಂದೆ ನಿಂತು, ಗಾಜಿಗೆ ಬಡಿದು ಬಂದದ್ದನ್ನೋ ಬರುವ ಮೊದಲೇ ಎತ್ತಿಕೊಂಡದ್ದನ್ನೋ ಹೊಡೆದದ್ದು 58. ಎದುರಾಳಿಯ ತಲೆಯ ಮೇಲಿಂದ ಎತ್ತಿ ಹಾಕಿದ ಲಾಬ್ 33. ಸರ್ವ್ 21. 'ಬಂದೇಹಾ' ಎಂಬ, ತಟ್ಟೆ ಹಿಡಿದ ಮಾಣಿಯ ಕೈಯಂತೆ ಕಾಣುವ ಹದವಾದ ಎತ್ತರದ ಹೊಡೆತ 12. ಜೋರಾಗಿ ಬಡಿದ ಸ್ಮ್ಯಾಶ್ 19. ಆ 19ರಲ್ಲಿ ನೇರ ಅಂಕ ತಂದದ್ದು 8.

ಪುಸ್ತಕವನ್ನು ಅವಳ ಕೈಗೆ ಕೊಟ್ಟೆ, ಮಾತಾಡಲಿಲ್ಲ. ಬಹಳ ಹೊತ್ತು ನೋಡಿದಳು. "ಹತ್ತೊಂಬತ್ತೇನಾ?" ಎಂದಳು. ಆಮೇಲೆ, "ತಪ್ಪಿದ ಹನ್ನೊಂದರಲ್ಲಿ ಎಷ್ಟು ಬಲ ಸಾಲದ್ದು, ಎಷ್ಟು ನಾನು ಚೆಂಡಿನ ಕೆಳಗೆ ಸರಿಯಾಗಿ ಬಂದು ನಿಲ್ಲದ್ದು ಅಂತ ಬರೆದಿಲ್ಲವಲ್ಲ ತಾತ?" ಎಂದು ಕೇಳಿದಳು. ಅದು ನನಗೆ ತಿಳಿಯುವ ವಿಷಯವಲ್ಲ. ಅವಳ ತರಬೇತುದಾರನಿಗೆ ತಿಳಿಯುತ್ತದೆ. ಅವನನ್ನೇ ಕೇಳಿದಳು. ಹೆಚ್ಚಿನವು ಕಾಲಿನ ತಪ್ಪು ಎಂದ. ಆ ರಾತ್ರಿ ಅಡುಗೆಮನೆಯಲ್ಲಿ ಅವಳೇ ಅಮ್ಮನಿಗೆ ಮೊಣಕೈ ವಿಷಯ ಹೇಳಿದಳು.

ವೈದ್ಯರು ನೋಡಿ, ಮೊಣಕೈಯ ಹೊರಭಾಗಕ್ಕೆ ಅಂಟಿದ ಸ್ನಾಯುರಜ್ಜುವಿಗೆ ಪೆಟ್ಟಾಗಿದೆ ಎಂದರು. ಜನ ಟೆನಿಸ್ ಎಲ್ಬೋ ಎನ್ನುವುದು ಇದಕ್ಕೇ. ಟೆನಿಸ್ ಆಡದ ಅಡುಗೆಯವರಿಗೂ ಬಡಗಿಗಳಿಗೂ ಬರುತ್ತದೆ. ಕೆಲವು ವಾರ ಆಟ ಬೇಡ, ಫಿಸಿಯೋಥೆರಪಿಸ್ಟ್ ಹೇಳಿದ ವ್ಯಾಯಾಮ ಮಾಡು ಎಂದರು. ಪಂದ್ಯಾವಳಿ ತಪ್ಪಿತು. ಜೋಡಿ ಹುಡುಗಿ ಬೇರೆಯವಳ ಜೊತೆ ಆಡಿದಳು. ಪುಟ್ಟಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಇದನ್ನು ಮುಚ್ಚಿಡುವುದಿಲ್ಲ, ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಪಂದ್ಯ ನೋಡಲು ಅವಳೇ ನನ್ನನ್ನು ಕರೆದುಕೊಂಡು ಹೋದಳು. ಜೋಡಿ ಹುಡುಗಿಯ ಹೊಡೆತಗಳನ್ನು ಇಬ್ಬರೂ ಸೇರಿ ಗೀಟು ಹಾಕಿದೆವು.

ಕೈ ವಾಸಿಯಾದ ಮೇಲೆ ಮತ್ತೆ ಬ್ಯಾಟಿನ ಮಾತು ಬಂತು. ಈ ಸಲ ಚಿತ್ರ ನೋಡಿ ಅಲ್ಲ. ಅವಳ ಕ್ಲಬ್ಬಿನಲ್ಲಿ ಪರೀಕ್ಷೆಗೆಂದು ಬ್ಯಾಟುಗಳನ್ನು ಎರವಲು ಕೊಡುತ್ತಾರೆ. ಮೂರನ್ನು ತಂದಳು. ಒಂದೊಂದನ್ನೂ ಮೂರು ಮೂರು ದಿನ ಆಡಿದಳು. ಮೊದಲ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ಕೈ ನಿಜ ಹೇಳುವುದು ಮಾರನೆಯ ಬೆಳಿಗ್ಗೆ. ಮೊದಲು ಹೊಡೆತ ಸುಲಭವಿದ್ದಾಗ, ಆಮೇಲೆ ಸುಸ್ತಾದ ಕೊನೆಯ ಸೆಟ್‌ನಲ್ಲಿ ಹೇಗಿತ್ತು ಎಂದು ಪುಸ್ತಕದಲ್ಲಿ ಬರೆದಳು. ಪ್ರತಿ ಸಾಲಿನ ಕೊನೆಗೆ 'ಮೊಣಕೈ' ಎಂಬ ಒಂದು ಅಂಕಣ.

ಅಡುಗೆಮನೆಯ ತಕ್ಕಡಿಯಲ್ಲಿ ನಾನು ತೂಕ ಹಾಕಿದೆ. ಅಂಗಡಿಯಲ್ಲಿ ಕಂಡ ಆ ಕಪ್ಪು ವಜ್ರ 371 ಗ್ರಾಂ. ಹಿಡಿಗೆ ಸುತ್ತುವ ಪಟ್ಟಿ, ತಲೆಗೆ ಅಂಟಿಸುವ ರಕ್ಷಣೆಯ ಟೇಪು ಸೇರಿದರೆ 384. ಅಂಗಡಿಯ ಚೀಟಿಯಲ್ಲಿ ಈ 13 ಗ್ರಾಂ ಇರುವುದಿಲ್ಲ. ಕೊಳ್ಳುವವರು ಇದನ್ನೂ ಸೇರಿಸಿ ಲೆಕ್ಕ ಹಾಕಬೇಕು. ತಲೆಗೆ ಅಂಟಿಸಿದ ಟೇಪು ಭಾರವನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ.

ಕೊನೆಗೆ ಅವಳು ಆರಿಸಿದ್ದು ವಜ್ರವನ್ನೇ! ನಾನು ಹನಿಯನ್ನು ಆರಿಸುತ್ತಾಳೆಂದು ಎಣಿಸಿದ್ದೆ. ಆದರೆ ಬೇರೆ ವಜ್ರ. ತಿರುಳು ಗಟ್ಟಿಯದಲ್ಲ, ಮಧ್ಯಮ. ತೂಕ 358 ಗ್ರಾಂ. ಹೋದ ವರ್ಷದ ಮಾದರಿಯಾದ್ದರಿಂದ 210 ಯೂರೋ. ಹಿಡಿ ಸಣ್ಣಗಾದರೆ ಬೆರಳು ಹೆಚ್ಚು ಬಿಗಿಯುತ್ತವೆಂದು ಒಂದು ಸುತ್ತು ಪಟ್ಟಿ ಹೆಚ್ಚು ಸುತ್ತಿಕೊಂಡಳು. "ಎಡಗಡೆ ಆಡೋಳು ನಾನು, ಬಲ ಬೇಕೇ ಬೇಕು ತಾತ. ಆದರೆ ಮೂರನೇ ಸೆಟ್‌ನಲ್ಲೂ ಬೀಸೋಕೆ ಆಗೋವಷ್ಟು ಬಲ ಸಾಕು" ಎಂದಳು. ಸಾಲ ಮಂಜೂರು ಮಾಡುವ ಅಧಿಕಾರಿಯೂ ಇದಕ್ಕಿಂತ ಚೆನ್ನಾಗಿ ಹೇಳಲಾರ. ಉಳಿದ 110 ಯೂರೋವನ್ನು ಫಿಸಿಯೋ ಬಿಲ್ಲಿಗೆ ಸೇರಿಸಿದೆವು. ಮಾತು ಉಳಿಯಿತು.

ನಿಮ್ಮಲ್ಲಿ ಪಾಡೆಲ್ ಆಡುವವರು ಕಡಿಮೆ ಎಂದು ನನಗೆ ಗೊತ್ತು. ಆದರೆ ಕ್ರಿಕೆಟ್ ಬ್ಯಾಟು, ಶಟಲ್ ಬ್ಯಾಟು, ಶಾಲೆಯ ಚೀಲ ಎಲ್ಲದಕ್ಕೂ ಇದೇ ಲೆಕ್ಕ. ಅಣ್ಣನ ಬ್ಯಾಟು, ಟಿ.ವಿ.ಯಲ್ಲಿ ಕಂಡವರ ಬ್ಯಾಟು ನಿಮ್ಮ ಕೈಗೆ ಸರಿಯೇ ಎಂದು ಆಡಿ ನೋಡಿ, ಮಾರನೆಯ ಬೆಳಿಗ್ಗೆ ನಿಮ್ಮ ಕೈಯನ್ನೇ ಕೇಳಿ. ನೋವಾದರೆ ದೊಡ್ಡವರಿಗೆ ಹೇಳಿ. ತಂಡದಿಂದ ಬಿಟ್ಟಾರೆಂದು ಹೆದರಬೇಡಿ. ನಾನು ಹೆದರಿ ಎಂಟು ತಿಂಗಳು ಕಳೆದುಕೊಂಡೆ.

ಅಜ್ಜ-ಅಜ್ಜಿಯರೇ, ನಿಮಗೊಂದು ಮಾತು. ಬೇಡವೆನ್ನುವ ಮೊದಲು ಮಕ್ಕಳ ಆಟವನ್ನು ಒಂದು ದಿನ ಪೂರ್ತಿ ನೋಡಿ, ಗೀಟು ಹಾಕಿ. ಮತ್ತೆ, ಅವರು ಹಾಲಿನ ಲೋಟ ಹೇಗೆ ಎತ್ತುತ್ತಾರೆ ಎಂದೂ ನೋಡಿ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನಾಕೆಯ ಕಣ್ಣಿಗೆ ಬಿತ್ತು.

ಕಳೆದ ವಾರ ಪುಟ್ಟಿ ಒಂದು ಫೋಟೋ ಕಳಿಸಿದ್ದಳು. ಬ್ಯಾಟಿನದೂ ಅಲ್ಲ, ಕಪ್ಪಿನದೂ ಅಲ್ಲ. ನೋಟ್‌ಬುಕ್ಕಿನ ಒಂದು ಪುಟ. ಸ್ಮ್ಯಾಶ್ 16, ಅಂಕ 11. ಕೊನೆಯ ಅಂಕಣದಲ್ಲಿ, ಮೊಣಕೈ ಎಂದಿರುವ ಕಡೆ, ಕನ್ನಡದಲ್ಲೇ ಬರೆದಿದ್ದಳು: 'ಇಲ್ಲ'.

ಮುಂದಿನ ವಾರ ಸಿಗೋಣ.